ಉತ್ತರ ಸರಿ, ಅರ್ಥ ಆಗಿದೆಯಾ? ಹೈಸ್ಕೂಲ್ ಮಕ್ಕಳ ರಸಾಯನಶಾಸ್ತ್ರದ ತಿಳಿವಳಿಕೆ ಪರೀಕ್ಷಿಸುವ ಬಗೆ

ಹತ್ತನೇ ತರಗತಿ. ಬೋರ್ಡಿನ ಮೇಲೆ ಅಮೋನಿಯದ ಸಮೀಕರಣ. ನೈಟ್ರೋಜನ್ ಜೊತೆ ಹೈಡ್ರೋಜನ್, ಬಾಣದ ಆಚೆ ಅಮೋನಿಯ. ಸರಿದೂಗಿಸಿ ಅಂದೆ. ಎರಡೇ ನಿಮಿಷ. ಒಂದು, ಮೂರು, ಎರಡು. ಹೆಚ್ಚುಕಡಿಮೆ ಎಲ್ಲರದೂ ಸರಿ. ಅಷ್ಟಕ್ಕೇ ಬಿಟ್ಟಿದ್ದರೆ ಖುಷಿಯಾಗಿ ಮನೆಗೆ ಹೋಗುತ್ತಿದ್ದೆ. ಸುಮ್ನೆ ಇರಲಾರದೆ ಇನ್ನೊಂದು ಕೇಳಿದೆ: "ಆ ಮೂರು ಹೈಡ್ರೋಜನ್ ಇದೆಯಲ್ಲ, ಅದನ್ನು ಸಣ್ಣ ಉಂಡೆಗಳಾಗಿ ಬರೆದು ತೋರಿಸಿ."

ಅರ್ಧ ತರಗತಿ ಆರು ಉಂಡೆಗಳನ್ನು ಒಂದಕ್ಕೊಂದು ಅಂಟಿಸಿ ಸರ ಪೋಣಿಸಿತ್ತು. ಕೆಲವರು ಬರೀ ಮೂರು ಉಂಡೆ ಬರೆದಿದ್ದರು. ಹೈಡ್ರೋಜನ್ ಅಣುವಿನಲ್ಲಿ ಎರಡು ಪರಮಾಣು, ಹಾಗಾಗಿ ಎರಡೆರಡರ ಮೂರು ಜೋಡಿ ಬರಬೇಕು. ಹಾಗೆ ಬರೆದವರು ಕೈಬೆರಳಲ್ಲಿ ಎಣಿಸುವಷ್ಟು. ಮಕ್ಕಳಿಗೆ ಲೆಕ್ಕ ಗೊತ್ತಿತ್ತು. ಅದು ಯಾವುದರ ಲೆಕ್ಕ ಅನ್ನುವುದು ಗೊತ್ತಿರಲಿಲ್ಲ.

ಅವತ್ತಿನಿಂದ ನಾನು ಪ್ರಶ್ನೆ ಕೇಳುವ ರೀತಿ ಬದಲಾಯಿತು. 8ರಿಂದ 10ನೇ ತರಗತಿಗೆ ವಿಜ್ಞಾನ ಹೇಳಿಕೊಡುವವರಿಗೆ, ಟ್ಯೂಷನ್ ಮಾಡುವವರಿಗೆ, ಮನೆಯಲ್ಲಿ ಮಗುವಿನ ಪಕ್ಕ ಕೂತು ಓದಿಸುವವರಿಗೆ ಆ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ದೊಡ್ಡ ಲ್ಯಾಬ್ ಬೇಕಿಲ್ಲ. ಚೀಟಿ, ಪೆನ್ಸಿಲ್, ಅಡುಗೆಮನೆಯ ನಾಲ್ಕು ಸಾಮಾನು ಸಾಕು.

ಹೆಜ್ಜೆ 1: ಪಾಠ ಬೇಡ, ವಿಚಾರ ಆರಿಸಿ

"ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು ಪಾಠದ ಮೇಲೆ ಟೆಸ್ಟ್" ಎಂದು ಹೊರಟರೆ ಪ್ರಶ್ನೆಗಳೆಲ್ಲ ಪಾಠದ ಕೊನೆಯ ಅಭ್ಯಾಸದಿಂದಲೇ ಬರುತ್ತವೆ. ಅದರ ಬದಲು ಮೂರೋ ನಾಲ್ಕೋ ವಿಚಾರ ಆರಿಸಿ. ಹೈಸ್ಕೂಲ್ ರಸಾಯನಶಾಸ್ತ್ರದ ಭಾರ ಹೊರುವ ಕಂಬಗಳು ಬಹಳ ಇಲ್ಲ. ವಸ್ತುವೆಲ್ಲ ಕಣಗಳಿಂದ ಆಗಿದೆ. ಕ್ರಿಯೆಯಲ್ಲಿ ಪರಮಾಣು ಹುಟ್ಟುವುದಿಲ್ಲ, ಸಾಯುವುದಿಲ್ಲ, ಜೊತೆಗಾರರನ್ನು ಬದಲಿಸುತ್ತದೆ. ಧಾತು, ಸಂಯುಕ್ತ, ಮಿಶ್ರಣ ಬೇರೆ ಬೇರೆ. ಸೂತ್ರದಲ್ಲಿರುವ ಪ್ರತಿ ಅಂಕಿಗೂ ಒಂದು ಅರ್ಥವಿದೆ. ಇಷ್ಟು ಗಟ್ಟಿಯಾದರೆ ಉಳಿದದ್ದು ಅದರ ಮೇಲೆ ಕೂರುತ್ತದೆ.

ಆರಿಸಿದ ವಿಚಾರವನ್ನು ಮಗು ಏನು ಮಾಡಿ ತೋರಿಸಬೇಕು ಅನ್ನುವ ರೀತಿಯಲ್ಲಿ ಬರೆದುಕೊಳ್ಳಿ. "ದ್ರವ್ಯರಾಶಿ ಸಂರಕ್ಷಣೆ ತಿಳಿದಿರಬೇಕು" ಅಂದರೆ ಏನೂ ಹೇಳಿದಂತಾಗಲಿಲ್ಲ. "ಮುಚ್ಚಿದ ಬಾಟಲಿಯಲ್ಲಿ ಅನಿಲ ಹುಟ್ಟಿದರೂ ತೂಕ ಬದಲಾಗುವುದಿಲ್ಲ ಎಂದು ಮೊದಲೇ ಊಹಿಸಿ, ಕಾರಣ ಹೇಳಬೇಕು" ಅಂತ ಬರೆಯಿರಿ. ಪ್ರಶ್ನೆ ತಾನಾಗೇ ಹೊಳೆಯುತ್ತದೆ.

ಇನ್ನೊಂದು ಸಂಗತಿ. ಗ್ಲಾಸ್ಗೋ ವಿಶ್ವವಿದ್ಯಾಲಯದ ಅಲೆಕ್ಸ್ ಜಾನ್‌ಸ್ಟನ್ ರಸಾಯನಶಾಸ್ತ್ರಕ್ಕೆ ಮೂರು ಮುಖ ಇದೆ ಎಂದು ತೋರಿಸಿದರು. ಕಣ್ಣಿಗೆ ಕಾಣುವುದು, ಕಣ್ಣಿಗೆ ಕಾಣದ ಕಣಗಳ ಲೋಕ, ಸೂತ್ರ ಮತ್ತು ಸಮೀಕರಣ. ಮೇಷ್ಟ್ರುಗಳಾದ ನಾವು ಒಂದೇ ವಾಕ್ಯದಲ್ಲಿ ಮೂರರ ನಡುವೆ ಜಿಗಿಯುತ್ತೇವೆ. ಮಗು ಒಂದರಲ್ಲೇ ನಿಂತಿರುತ್ತದೆ. ನಿಮ್ಮ ಪ್ರಶ್ನೆಪತ್ರಿಕೆ ತೆಗೆದು ನೋಡಿ, ಕಣಗಳ ಬಗ್ಗೆ ಎಷ್ಟು ಪ್ರಶ್ನೆ ಇದೆ? ನನ್ನದರಲ್ಲಿ ಸೊನ್ನೆ ಇತ್ತು.

ಹೆಜ್ಜೆ 2: ಮೊದಲು ಪದಗಳನ್ನು ಪರೀಕ್ಷಿಸಿ

ಕನ್ನಡ ಮಾಧ್ಯಮದವರು ಈ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ.

ಐಸ್ ಕರಗಿತು. ಬೆಣ್ಣೆ ಕರಗಿತು. ಸಕ್ಕರೆ ಕರಗಿತು. ಅಮ್ಮನ ಮನಸ್ಸೂ ಕರಗಿತು. ನಮ್ಮ ಮಾತಿನಲ್ಲಿ ಎಲ್ಲಕ್ಕೂ ಒಂದೇ ಪದ. ಪುಸ್ತಕದಲ್ಲಿ ದ್ರವನ ಬಿಂದು (ಘನ ಬಿಸಿಗೆ ದ್ರವವಾಗುವ ಉಷ್ಣತೆ) ಬೇರೆ, ವಿಲೀನ (ಇನ್ನೊಂದು ವಸ್ತುವಿನಲ್ಲಿ ಬೆರೆತುಹೋಗುವುದು) ಬೇರೆ. ಆದರೆ ಮಗು ಯೋಚನೆ ಮಾಡುವುದು ಮನೆಮಾತಿನಲ್ಲಿ. "ಸಕ್ಕರೆ ನೀರಿನಲ್ಲಿ ಕರಗಿದಾಗ ಏನಾಗುತ್ತದೆ?" ಅಂತ ಕೇಳಿದ್ದಕ್ಕೆ ಒಂಬತ್ತನೇ ತರಗತಿಯ ಒಬ್ಬಳು "ಸಕ್ಕರೆ ನೀರಾಗುತ್ತದೆ" ಎಂದು ಬರೆದಿದ್ದಳು. ನಾನು ಕೆಂಪು ಗೆರೆ ಎಳೆದೆ. ಆಮೇಲೆ ಯೋಚಿಸಿದರೆ ಅವಳ ತರ್ಕದಲ್ಲಿ ತಪ್ಪೇ ಇಲ್ಲ. ಐಸ್ ಕರಗಿದರೆ ನೀರಾಗುತ್ತದೆ, ಸಕ್ಕರೆಯೂ ಕರಗಿತು, ಅದೂ ನೀರಾಗಬೇಕಲ್ವಾ?

ಹಾಗಾಗಿ ಟೆಸ್ಟಿಗೆ ಮೊದಲು ಐದು ನಿಮಿಷದ ಆಟ ಆಡಿಸಿ. ನಾಲ್ಕು ವಾಕ್ಯ ಕೊಡಿ: ಬಿಸಿಲಿಗೆ ಡಾಂಬರು ಕರಗಿತು, ಕಾಫಿಯಲ್ಲಿ ಬೆಲ್ಲ ಕರಗಿತು, ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕರಗಿತು, ಬಾಣಲೆಯಲ್ಲಿ ಬೆಣ್ಣೆ ಕರಗಿತು. ಕೇಳುವುದು ಒಂದೇ ಪ್ರಶ್ನೆ: "ಇದು ನಡೆಯಲು ಎರಡನೇ ವಸ್ತು ಬೇಕೇಬೇಕಾ, ಅಥವಾ ಬಿಸಿ ಸಾಕಾ?" ಬೆಲ್ಲ, ಕರ್ಪೂರಕ್ಕೆ ಜೊತೆ ಬೇಕು. ಡಾಂಬರು, ಬೆಣ್ಣೆಗೆ ಬಿಸಿ ಸಾಕು. ಇದು ಸರಿಯಾದರೆ ಪದ ಸರಿಯಾಯಿತು.

ಇಂಥ ಹೊಂಡಗಳು ಇನ್ನೂ ಇವೆ. "ಶುದ್ಧ ಹಾಲು" ಅಂದರೆ ಅಂಗಡಿಯವನಿಗೆ ನೀರು ಬೆರೆಸದ್ದು, ರಸಾಯನಶಾಸ್ತ್ರಕ್ಕೆ ಹಾಲು ಯಾವತ್ತೂ ಮಿಶ್ರಣ. ಉಪ್ಪು ಅಂದರೆ ಅಡುಗೆ ಉಪ್ಪು, ಆದರೆ ಲವಣ ಅಂದರೆ ಒಂದು ದೊಡ್ಡ ಕುಟುಂಬ, ಅಡುಗೆ ಸೋಡಾ ಕೂಡ ಅದರಲ್ಲಿದೆ. "ಸ್ಟ್ರಾಂಗ್" ಅನ್ನುವುದು ಇನ್ನೊಂದು. ಸ್ಟ್ರಾಂಗ್ ಕಾಫಿಗೆ ನೀರು ಹಾಕಿದರೆ ಲೈಟ್ ಆಗುತ್ತದೆ. ಹಾಗಾದರೆ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ನೀರು ಬೆರೆಸಿದರೆ ಅದು ದುರ್ಬಲ ಆಮ್ಲ ಆಗುತ್ತದೆಯಾ? ಆಗುವುದಿಲ್ಲ. ಸಾರರಿಕ್ತ (ಡೈಲ್ಯೂಟ್) ಆಗುತ್ತದೆ ಅಷ್ಟೇ. ಪ್ರಬಲ, ದುರ್ಬಲ ಅನ್ನುವುದು ನೀರಿನಲ್ಲಿ ಎಷ್ಟು ಪಾಲು ಅಯಾನುಗಳಾಗಿ (ವಿದ್ಯುದಾವೇಶ ಇರುವ ಕಣಗಳಾಗಿ) ಒಡೆಯುತ್ತದೆ ಅನ್ನುವುದರ ಮೇಲೆ. ಇದನ್ನು ಹಾಗೇ ಪ್ರಶ್ನೆಯಾಗಿ ಕೇಳಿ, ಜಾಣ ಮಕ್ಕಳೂ ಎಡವುತ್ತಾರೆ.

ಇನ್ನು "ಆಮ್ಲಜನಕ". ಆಮ್ಲವನ್ನು ಹುಟ್ಟಿಸುವುದು ಅಂತ ಹೆಸರೇ ಹೇಳುತ್ತದೆ. ಎಲ್ಲ ಆಮ್ಲದಲ್ಲೂ ಇದು ಇರುತ್ತದೆ ಎಂದು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲಾವೋಸಿಯೆ ನಂಬಿದ್ದ, ಅದಕ್ಕೇ ಅದೇ ಅರ್ಥ ಬರುವ ಆಕ್ಸಿಜನ್ ಅನ್ನುವ ಹೆಸರಿಟ್ಟ. 1810ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ಕ್ಲೋರಿನ್ ಒಂದು ಧಾತು, ಅದರಲ್ಲಾಗಲಿ ಅದರಿಂದಾಗುವ ಹೈಡ್ರೋಕ್ಲೋರಿಕ್ ಆಮ್ಲದಲ್ಲಾಗಲಿ ಆಮ್ಲಜನಕ ಇಲ್ಲ ಎಂದು ವಾದಿಸಿದ ಮೇಲೆ ಆ ನಂಬಿಕೆ ಬಿದ್ದುಹೋಯಿತು. ಹೆಸರು ಮಾತ್ರ ಉಳಿಯಿತು, ನಮ್ಮ ಕನ್ನಡಕ್ಕೂ ಬಂತು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕ ಇದೆಯಾ ಎಂದು ಕೇಳಿ ನೋಡಿ. "ಇದೆ ಮಿಸ್, ಆಮ್ಲ ಅಲ್ವಾ" ಅನ್ನುವ ಮಗು ದಡ್ಡ ಅಲ್ಲ, ಪದವನ್ನು ಬಿಡಿಸಿ ಓದಿದೆ.

ಹೆಜ್ಜೆ 3: ಉತ್ತರದ ಕೆಳಗೆ ಕಾರಣವನ್ನೂ ಕೇಳಿ

ಬಹುಆಯ್ಕೆ ಪ್ರಶ್ನೆ ತಿದ್ದಲು ಸುಲಭ, ನಂಬಲು ಕಷ್ಟ. ನಾಲ್ಕು ಆಯ್ಕೆ ಇದ್ದರೆ ಕಣ್ಣು ಮುಚ್ಚಿ ಗುರುತು ಹಾಕಿದರೂ ನಾಲ್ಕರಲ್ಲಿ ಒಂದು ಸರಿ. ಅದಕ್ಕೆ ಎರಡು ಹಂತದ ಪ್ರಶ್ನೆ ಮಾಡಿ. ಮೊದಲ ಹಂತದಲ್ಲಿ ಉತ್ತರ, ಎರಡನೆಯದರಲ್ಲಿ ಕಾರಣ. ಆಸ್ಟ್ರೇಲಿಯದ ಡೇವಿಡ್ ಟ್ರೆಗಸ್ಟ್ 1988ರಲ್ಲಿ ಇಂಥ ಪ್ರಶ್ನೆಗಳನ್ನು ತಯಾರಿಸುವ ಕ್ರಮವನ್ನು ಬರೆದಿಟ್ಟರು. ಎರಡೂ ಸರಿಯಿದ್ದರೆ ಮಾತ್ರ ಅಂಕ. ಆಗ ಅದೃಷ್ಟದಿಂದ ಗೆಲ್ಲುವ ಸಾಧ್ಯತೆ ಹದಿನಾರರಲ್ಲಿ ಒಂದಕ್ಕೆ ಇಳಿಯುತ್ತದೆ.

ಒಂದು ಪ್ರಶ್ನೆಯನ್ನು ಪೂರ್ತಿ ನೋಡೋಣ.

100 ಗ್ರಾಂ ನೀರಿಗೆ 20 ಗ್ರಾಂ ಸಕ್ಕರೆ ಹಾಕಿ, ಕಾಣದ ಹಾಗೆ ಕಲಕಿದೆ. ಈಗ ಪಾನಕದ ದ್ರವ್ಯರಾಶಿ ಎಷ್ಟು?
ಅ) 100 ಗ್ರಾಂ
ಆ) 100ಕ್ಕಿಂತ ಜಾಸ್ತಿ, 120ಕ್ಕಿಂತ ಕಡಿಮೆ
ಇ) 120 ಗ್ರಾಂ
ಈ) 120ಕ್ಕಿಂತ ಜಾಸ್ತಿ

ಏಕೆಂದರೆ,
1) ಸಕ್ಕರೆ ಮಾಯವಾಗಿದೆ, ರುಚಿ ಮಾತ್ರ ಉಳಿದಿದೆ
2) ಸಕ್ಕರೆಯ ಅಣುಗಳೆಲ್ಲ ನೀರಿನ ಅಣುಗಳ ನಡುವೆ ಚದುರಿ ಹಾಗೇ ಇವೆ
3) ಸಕ್ಕರೆ ದ್ರವವಾಯಿತು, ದ್ರವ ಘನಕ್ಕಿಂತ ಹಗುರ
4) ಸಕ್ಕರೆ ನೀರಿನ ಜೊತೆ ಕ್ರಿಯೆ ನಡೆಸಿ ಹೊಸ ವಸ್ತುವಾಯಿತು

ಇ-2 ಸರಿ. ಆದರೆ ನನಗೆ ಮುಖ್ಯವಾದದ್ದು ಇ-4. ಮೊದಲ ಹಂತ ಸರಿ, ಕಾರಣ ತಪ್ಪು. ಸಾಮಾನ್ಯ ಟೆಸ್ಟಿನಲ್ಲಿ ಈ ಮಗುವಿಗೆ ಪೂರ್ತಿ ಅಂಕ ಸಿಗುತ್ತಿತ್ತು, ಭೌತ ಬದಲಾವಣೆ ಯಾವುದು, ರಾಸಾಯನಿಕ ಬದಲಾವಣೆ ಯಾವುದು ಅಂತ ಗೊತ್ತಿಲ್ಲ ಅನ್ನುವುದು ಎಸ್‌ಎಸ್‌ಎಲ್‌ಸಿ ಮುಗಿದರೂ ಹೊರಗೆ ಬರುತ್ತಿರಲಿಲ್ಲ.

ತಪ್ಪು ಕಾರಣಗಳನ್ನು ನೀವೇ ಕೂತು ಹೊಸೆಯಬೇಡಿ. ದೊಡ್ಡವರು ಊಹಿಸುವ ತಪ್ಪೇ ಬೇರೆ, ಮಕ್ಕಳು ಮಾಡುವ ತಪ್ಪೇ ಬೇರೆ. ಒಂದು ವಾರ ಮೊದಲೇ ಅದೇ ಪ್ರಶ್ನೆಯನ್ನು ಆಯ್ಕೆ ಕೊಡದೆ ಕೇಳಿ, ಚೀಟಿಯಲ್ಲಿ ಬರೆಸಿ. ಹೆಸರು ಬೇಡ. ಬಂದ ಚೀಟಿಗಳಲ್ಲಿ ಮತ್ತೆ ಮತ್ತೆ ಕಾಣುವ ವಾಕ್ಯಗಳನ್ನು ಅವರದೇ ಮಾತಿನಲ್ಲಿ ಎತ್ತಿಕೊಳ್ಳಿ. "ರುಚಿ ಮಾತ್ರ ಉಳಿದಿದೆ" ಅನ್ನುವುದು ನನ್ನ ತಲೆಯಲ್ಲಿ ಹೊಳೆಯುವ ಸಾಲಲ್ಲ, ಚೀಟಿಯಲ್ಲಿ ಬಂದದ್ದು.

ಕೊನೆಗೆ "ಖಚಿತ / ಅಂದಾಜು" ಎಂದು ಇನ್ನೊಂದು ಗುರುತು ಹಾಕಿಸಿ. ಖಚಿತ ಅಂತ ಹೇಳಿ ತಪ್ಪು ಮಾಡಿದವರ ಹತ್ತಿರ ಮೊದಲು ಕೂರಬೇಕು. ಅಂದಾಜಿನಲ್ಲಿ ತಪ್ಪಿದವರಿಗೆ ಇನ್ನೊಮ್ಮೆ ಪಾಠ ಹೇಳಿದರೆ ಹೆಚ್ಚಿನ ಸಲ ಸಾಕಾಗುತ್ತದೆ.

ಹೆಜ್ಜೆ 4: ಚಿತ್ರ ಬರೆಸಿ

ಚಿತ್ರ ಚೆನ್ನಾಗಿರಬೇಕಿಲ್ಲ. ಉಂಡೆ ಉಂಡೆಯಾಗಿದ್ದರೆ ಸಾಕು.

ನನ್ನ ಮೆಚ್ಚಿನ ಪ್ರಶ್ನೆ ಇದು. ಒಂದು ಚೌಕ ಬರೆಯಿರಿ. ಅದರೊಳಗೆ ಹೈಡ್ರೋಜನ್‌ನ ನಾಲ್ಕು ಅಣು, ಆಕ್ಸಿಜನ್‌ನ ಮೂರು ಅಣು. ಕಿಡಿ ತಾಗಿಸಿದೆವು, ನೀರಾಯಿತು, ಕ್ರಿಯೆ ಪೂರ್ತಿ ಮುಗಿಯಿತು. ಈಗ ಪಕ್ಕದ ಖಾಲಿ ಚೌಕದೊಳಗೆ ಏನಿದೆ, ಬರೆಯಿರಿ.

ನೀರಿನ ನಾಲ್ಕು ಅಣು, ಮಿಕ್ಕ ಆಕ್ಸಿಜನ್‌ನ ಒಂದು ಅಣು ಬರಬೇಕು. ಬರುವುದು ಏನೇನೋ. ಬರೀ ಎರಡು ನೀರು ಬರೆದವರು ಸಮೀಕರಣದ (2H₂ + O₂ → 2H₂O) ಅಂಕಿಯನ್ನು ಚೌಕಕ್ಕೆ ನಕಲು ಮಾಡಿದ್ದಾರೆ. ಮಿಕ್ಕ ಆಕ್ಸಿಜನ್ ಬಿಟ್ಟವರು "ಕ್ರಿಯೆ ಅಂದರೆ ಎಲ್ಲ ಖರ್ಚಾಗಲೇಬೇಕು" ಎಂದುಕೊಂಡಿದ್ದಾರೆ. ಎಲ್ಲ ಉಂಡೆಗಳನ್ನೂ ಒಂದೇ ಗುಂಪಿಗೆ ಅಂಟಿಸಿದವರಿಗೆ ಅಣು ಅಂದರೇನು ಎಂಬುದೇ ಕೈಗೆ ಸಿಕ್ಕಿಲ್ಲ. ಮೂರು ತಪ್ಪಿಗೆ ಮೂರು ಬೇರೆ ಪಾಠ ಬೇಕು. "ತಪ್ಪು, 0 ಅಂಕ" ಎಂದು ಬರೆದರೆ ಮೂರೂ ಒಂದೇ ಆಗಿಬಿಡುತ್ತವೆ.

ಇನ್ನೊಂದು: ತಳಮಳ ಕುದಿಯುವ ನೀರಿನ ಒಂದು ದೊಡ್ಡ ಗುಳ್ಳೆಯೊಳಗೆ ಏನಿದೆ, ಬರೆಯಿರಿ. ಅದು ನೀರಿನ ಆವಿ, ನೀರಿನ ಅಣುಗಳೇ ದೂರ ದೂರ. ಹೈಡ್ರೋಜನ್, ಆಕ್ಸಿಜನ್ ಬೇರೆ ಬೇರೆ ಮಾಡಿ ಬರೆದ ಚಿತ್ರ ಬಂದೇ ಬರುತ್ತದೆ.

ಹೆಜ್ಜೆ 5: ಮೊದಲು ಊಹೆ, ಆಮೇಲೆ ಪ್ರಯೋಗ

ಪ್ರಯೋಗ ತೋರಿಸಿ ಆಮೇಲೆ ಕೇಳಿದರೆ ಎಲ್ಲರೂ "ಹಾಗೇ ಅಂದುಕೊಂಡಿದ್ದೆ" ಅನ್ನುತ್ತಾರೆ. ಅದಕ್ಕೆ ಊಹೆಯನ್ನು ಪೆನ್ನಿನಲ್ಲಿ ಬರೆಸಿ, ಪೆನ್ಸಿಲ್ ಬೇಡ. ಕಾರಣವನ್ನೂ ಬರೆಸಿ. ಆಮೇಲೆ ಮಾಡಿ ತೋರಿಸಿ. ಕೊನೆಗೆ ಊಹೆಗೂ ಕಂಡದ್ದಕ್ಕೂ ವ್ಯತ್ಯಾಸ ಯಾಕೆ ಎಂದು ಕೇಳಿ.

ದ್ರವ್ಯರಾಶಿಗೆ ಹೀಗೆ ಮಾಡಿ. ಒಂದು ಲೀಟರಿನ ಸೋಡಾ ಬಾಟಲಿ ತೆಗೆದುಕೊಳ್ಳಿ, ತೆಳು ನೀರಿನ ಬಾಟಲಿ ಬೇಡ. ಒಳಗೆ 40 ಮಿಲಿ ವಿನಿಗರ್. 2 ಗ್ರಾಂ ಅಡುಗೆ ಸೋಡಾವನ್ನು ಟಿಶ್ಯೂ ಪೇಪರಿನಲ್ಲಿ ಪೊಟ್ಟಣ ಕಟ್ಟಿ. ಬಾಟಲಿ, ಮುಚ್ಚಳ, ಪೊಟ್ಟಣ ಎಲ್ಲ ಸೇರಿಸಿ ತೂಗಿ. 0.1 ಗ್ರಾಂ ತೋರಿಸುವ ತಕ್ಕಡಿ ಬೇಕು. ಪೊಟ್ಟಣ ಒಳಗೆ ಹಾಕಿ ತಕ್ಷಣ ಮುಚ್ಚಳ ಬಿಗಿಯಿರಿ. ನೊರೆ ಏಳುತ್ತದೆ, ಬಾಟಲಿ ಗಟ್ಟಿಯಾಗುತ್ತದೆ. ಮತ್ತೆ ತೂಗಿದರೆ ಅಷ್ಟೇ ಇರುತ್ತದೆ. ಈಗ ಇನ್ನೊಂದು ಊಹೆ ಬರೆಸಿ: ಮುಚ್ಚಳ ತೆಗೆದರೆ? ಬುಸ್ ಅಂತ ಅನಿಲ ಹೋಗುತ್ತದೆ, ತೂಕ ಅರ್ಧ ಗ್ರಾಂಗಿಂತ ಜಾಸ್ತಿ ಇಳಿಯುತ್ತದೆ. "ಗಾಳಿಗೆ ತೂಕ ಇಲ್ಲ" ಅನ್ನುವವರು ಇಲ್ಲಿ ತಲೆ ಕೆರೆದುಕೊಳ್ಳುತ್ತಾರೆ. ಸೋಡಾ ಹೆಚ್ಚು ಹಾಕಬೇಡಿ, ಬಾಟಲಿಯ ಬಾಯಿ ಯಾರ ಮುಖದ ಕಡೆಗೂ ಇರಬಾರದು.

ಬಲೂನ್ ಕಟ್ಟಿ ಇದನ್ನು ಮಾಡುವವರಿದ್ದಾರೆ. ನಾನೂ ಮಾಡಿ ಮಾನ ಕಳೆದುಕೊಂಡಿದ್ದೇನೆ. 5 ಗ್ರಾಂ ಸೋಡಾ ಹಾಕಿದ್ದೆ, ಬಲೂನ್ ಚೆನ್ನಾಗಿ ಉಬ್ಬಿತು, "ನೋಡಿ, ತೂಕ ಬದಲಾಗುವುದಿಲ್ಲ" ಎಂದು ತಕ್ಕಡಿ ಮೇಲಿಟ್ಟೆ. ಒಂದೂವರೆ ಗ್ರಾಂ ಕಡಿಮೆ ತೋರಿಸಿತು. ಗಂಟು ಸಡಿಲವಿರಬೇಕು ಅಂತ ಬಿಗಿದು ಮತ್ತೆ ಮಾಡಿದೆ, ಮತ್ತೆ ಅದೇ. ಕಾರಣ ಗಂಟಲ್ಲ. ಉಬ್ಬಿದ ಬಲೂನ್ ಸುತ್ತಲಿನ ಗಾಳಿಯನ್ನು ತಳ್ಳಿ ಜಾಗ ಮಾಡಿಕೊಳ್ಳುತ್ತದೆ. ಒಂದು ಲೀಟರ್ ಗಾಳಿ ಸುಮಾರು 1.2 ಗ್ರಾಂ. ಸರಿದ ಗಾಳಿಯ ತೂಕದಷ್ಟು ಬಲ ಬಲೂನನ್ನು ಮೇಲಕ್ಕೆ ತಳ್ಳುತ್ತದೆ, ತಕ್ಕಡಿ ಅಷ್ಟು ಕಡಿಮೆ ತೋರಿಸುತ್ತದೆ. ಹಿಗ್ಗದ ಬಾಟಲಿಯಲ್ಲಿ ಈ ತಾಪತ್ರಯ ಇಲ್ಲ.

ಅರಿಶಿನದ ಕಾಗದದಿಂದಲೂ ಒಳ್ಳೆಯ ಪ್ರಶ್ನೆ ಹುಟ್ಟುತ್ತದೆ. ಸೋಪಿನ ನೀರಿಗೆ ಕೆಂಪಾಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. "ಒಂದು ದ್ರಾವಣ ಹಾಕಿದೆ, ಹಳದಿಯಾಗೇ ಉಳಿಯಿತು. ಹಾಗಾದರೆ ಅದು ಆಮ್ಲ ಅನ್ನಬಹುದಾ?" ಅನ್ನಲಾಗದು. ತಟಸ್ಥ ದ್ರಾವಣಕ್ಕೂ ಅರಿಶಿನ ಹಳದಿಯೇ.

ಹೆಜ್ಜೆ 6: ಪುಸ್ತಕದ ಪ್ರಶ್ನೆಯನ್ನು ತಿರುಗಿಸಿ

"ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಮೊಸರು ಏಕೆ ಇಡಬಾರದು?" ಒಳ್ಳೆಯ ಪ್ರಶ್ನೆಯೇ. ಆದರೆ ಅದು ಪಠ್ಯಪುಸ್ತಕದಲ್ಲಿದೆ, ಗೈಡಿನಲ್ಲಿ ಉತ್ತರವಿದೆ, ಅಂದರೆ ಬಾಯಿಪಾಠವಾಗಿದೆ. ಅದನ್ನು ಹೀಗೆ ತಿರುಗಿಸಿ: "ಅಜ್ಜಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸಿ ಅದರಲ್ಲೇ ಹುಳಿ, ಸಾರು ಮಾಡುತ್ತಿದ್ದರು. ಏನೂ ಆಗುತ್ತಿರಲಿಲ್ಲ. ಯಾಕೆ? ಕಲಾಯಿ ಸವೆದ ಮೇಲೆ ಏನಾಗಬಹುದು?" ತವರದ ಪದರ ಹುಳಿಯನ್ನು ತಾಮ್ರದಿಂದ ದೂರ ಇಡುತ್ತದೆ ಎಂದು ಮಗು ತಾನೇ ಕಟ್ಟಿ ಹೇಳಬೇಕು. ಕಲಾಯಿ ಅಂದರೇನು ಎಂದು ಮಕ್ಕಳಿಗೆ ಗೊತ್ತಿಲ್ಲದಿದ್ದರೆ ಮೊದಲೇ ಹೇಳಿಬಿಡಿ. ನಾವು ಪರೀಕ್ಷಿಸುತ್ತಿರುವುದು ಅವರ ಅಜ್ಜಿಯ ಅಡುಗೆಮನೆಯನ್ನಲ್ಲ.

ಭೌತ, ರಾಸಾಯನಿಕ ಬದಲಾವಣೆಗೆ ಕರ್ಪೂರಕ್ಕಿಂತ ಒಳ್ಳೆಯ ಸಾಮಾನು ನನಗೆ ಸಿಕ್ಕಿಲ್ಲ. ಡಬ್ಬಿ ಮುಚ್ಚದೆ ಬಿಟ್ಟ ಕರ್ಪೂರ ಕೆಲವು ದಿನಕ್ಕೆ ಖಾಲಿ. ಆರತಿಗೆ ಹಚ್ಚಿದ ಕರ್ಪೂರವೂ ಖಾಲಿ. ಎರಡರಲ್ಲೂ ತಟ್ಟೆಯಲ್ಲಿ ಏನೂ ಉಳಿಯಲಿಲ್ಲ. ಎರಡೂ ಒಂದೇ ಬದಲಾವಣೆಯಾ? ಮೊದಲನೆಯದರಲ್ಲಿ ಕರ್ಪೂರದ ಅಣುಗಳೇ ಗಾಳಿಯಲ್ಲಿವೆ, ವಾಸನೆ ಬರುವುದೇ ಸಾಕ್ಷಿ. ಎರಡನೆಯದರಲ್ಲಿ ಅದು ಹೆಚ್ಚಿನಂಶ ಕಾರ್ಬನ್ ಡೈಆಕ್ಸೈಡ್, ನೀರಿನ ಆವಿ ಆಗಿಹೋಗಿದೆ, ಸ್ವಲ್ಪ ಮಸಿ. ಇದಕ್ಕೆ ಸರಿಯಾಗಿ ಉತ್ತರ ಬರೆದ ಮಗುವಿಗೆ ಆ ವಿಷಯದಲ್ಲಿ ಇನ್ನೇನೂ ಕೇಳಬೇಕಿಲ್ಲ.

ಹೆಜ್ಜೆ 7: ತಿದ್ದುವಾಗ ಅಂಕ ಆಮೇಲೆ, ಗುಡ್ಡೆ ಮೊದಲು

ಉತ್ತರಪತ್ರಿಕೆಗಳನ್ನು ಒಂದೊಂದೇ ತಿದ್ದಬೇಡಿ. ಒಂದು ಪ್ರಶ್ನೆ ಹಿಡಿದು ಎಲ್ಲರದ್ದನ್ನೂ ಓದಿ, ನೆಲದ ಮೇಲೆ ಗುಡ್ಡೆ ಮಾಡಿ. ಉತ್ತರ ಕಾರಣ ಎರಡೂ ಸರಿ, ಉತ್ತರ ಮಾತ್ರ ಸರಿ, ಕಾರಣ ಸರಿ ಆದರೆ ಎಲ್ಲೋ ಲೆಕ್ಕ ತಪ್ಪಿದೆ, ಎರಡೂ ತಪ್ಪು. ಎರಡನೇ ಗುಡ್ಡೆ ದೊಡ್ಡದಿದ್ದರೆ ನಿಮ್ಮ ಮಕ್ಕಳು ಬಾಯಿಪಾಠದಲ್ಲಿ ಗಟ್ಟಿ ಎಂದರ್ಥ. ಒಂದೇ ತಪ್ಪು ಕಾರಣ ಹತ್ತಾರು ಪತ್ರಿಕೆಯಲ್ಲಿ ಬಂದಿದ್ದರೆ ಮಕ್ಕಳನ್ನು ಬಯ್ಯುವ ಮುಂಚೆ ನಾವು ಏನು ಹೇಳಿಕೊಟ್ಟೆವು ಎಂದು ನೋಟ್ಸ್ ತೆಗೆದು ನೋಡಬೇಕು.

ಎಸ್‌ಎಸ್‌ಎಲ್‌ಸಿ ವಿಜ್ಞಾನದಲ್ಲಿ 80 ಅಂಕ ಲಿಖಿತಕ್ಕೆ, 20 ಆಂತರಿಕ. ಇಂಥ ಟೆಸ್ಟನ್ನು ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಯಾಗಿ ತೋರಿಸಬಹುದು. ಆದರೆ ಮೊದಲ ಸಲದ್ದಕ್ಕೆ ಅಂಕ ಕೊಡದಿರುವುದೇ ಒಳ್ಳೆಯದು. ಅಂಕ ಅಂದ ತಕ್ಷಣ ಮಕ್ಕಳು ತಮಗೆ ಅನ್ನಿಸಿದ್ದನ್ನು ಬಿಟ್ಟು ಮಿಸ್‌ಗೆ ಬೇಕಾದ್ದನ್ನು ಬರೆಯುತ್ತಾರೆ.

ಹೆಜ್ಜೆ 8: ಐದು ನಿಮಿಷ ಮಾತಾಡಿಸಿ

ಎಲ್ಲರನ್ನೂ ಕೂರಿಸಿಕೊಂಡು ಮಾತಾಡಲು ಆಗುವುದಿಲ್ಲ. ಪ್ರತಿ ಗುಡ್ಡೆಯಿಂದ ಒಬ್ಬರನ್ನು ಕರೆಯಿರಿ. ತಿದ್ದಬೇಡಿ, ಹುಬ್ಬು ಏರಿಸಬೇಡಿ. "ಹೇಗೆ ಗೊತ್ತು?", "ಆಮೇಲೆ?" ಇವೆರಡೇ ಸಾಕು.

"ಮೊಳೆ ತುಕ್ಕು ಹಿಡಿದರೆ ತೂಕ ಏನಾಗುತ್ತಪ್ಪ?"
"ಕಮ್ಮಿ ಆಗುತ್ತೆ ಮಿಸ್."
"ಹೇಗೆ ಗೊತ್ತು?"
"ತುಕ್ಕು ತಿಂದುಬಿಡುತ್ತಲ್ಲ ಮಿಸ್. ನಮ್ಮನೆ ಗೇಟನ್ನ ಪೂರ್ತಿ ತಿಂದುಬಿಟ್ಟಿದೆ."
"ತಿಂದದ್ದು ಎಲ್ಲಿ ಹೋಯ್ತು?"

ಇಲ್ಲಿ ಸುಮ್ಮನಿರಬೇಕು. ಮನಸ್ಸಿನಲ್ಲೇ ಹತ್ತು ಎಣಿಸಿ. ನನಗೆ ಇದು ತುಂಬಾ ಕಷ್ಟ, ಬಾಯಿ ಕಡಿಯುತ್ತದೆ. ಆ ಹುಡುಗ ಬಹಳ ಹೊತ್ತಿನ ಮೇಲೆ ಹೇಳಿದ: "ಕೆಳಗೆ ಉದುರುತ್ತೆ ಮಿಸ್... ಉದುರಿದ್ದನ್ನೂ ಸೇರಿಸಿ ತೂಗಬೇಕಾ?" ತಪ್ಪು ಎಲ್ಲಿತ್ತೆಂದು ಅಲ್ಲಿಗೆ ಗೊತ್ತಾಯಿತು. ಅವನಿಗೆ ದ್ರವ್ಯರಾಶಿಯ ಗೊಂದಲ ಇರಲಿಲ್ಲ. ಆಕ್ಸಿಜನ್, ನೀರು ಬಂದು ಕಬ್ಬಿಣಕ್ಕೆ ಸೇರುತ್ತವೆ ಎಂಬುದು ಮಾತ್ರ ಬಿಟ್ಟುಹೋಗಿತ್ತು.

ಹೆಜ್ಜೆ 9: ಎರಡು ವಾರ ಬಿಟ್ಟು, ಬೇರೆ ವಸ್ತುವಿನಲ್ಲಿ ಅದೇ ಪ್ರಶ್ನೆ

ಮರುದಿನವೇ ಮರುಪರೀಕ್ಷೆ ಬೇಡ, ಅದು ನೆನಪಿನ ಪರೀಕ್ಷೆಯಾಗುತ್ತದೆ. ಎರಡು ವಾರ ಬಿಡಿ. ಸಕ್ಕರೆ ಇದ್ದಲ್ಲಿ ಉಪ್ಪು ಹಾಕಿದರೆ ಸಾಲದು, ಸಂದರ್ಭವೇ ಬದಲಾಗಬೇಕು. ಮೊಳೆಯ ಬದಲು ಮೆಗ್ನೀಸಿಯಂ ಪಟ್ಟಿ ಕೊಟ್ಟೆ: "2.4 ಗ್ರಾಂ ಪಟ್ಟಿಯನ್ನು ಉರಿಸಿ, ಬೂದಿ ಒಂದು ಚೂರೂ ಹಾರಿಹೋಗದಂತೆ ಹಿಡಿದು ತೂಗಿದರು. 2.4ಕ್ಕಿಂತ ಕಡಿಮೆಯೋ, ಅಷ್ಟೇಯೋ, ಜಾಸ್ತಿಯೋ? ಏಕೆ?" ಬೂದಿ ಅಂದಮೇಲೆ ಹಗುರ ಎಂದೇ ಮನಸ್ಸು ಹೇಳುತ್ತದೆ, ಒಲೆಯಲ್ಲಿ ಕಂಡದ್ದು ಅದೇ ತಾನೇ. ಪಟ್ಟಿ ಪೂರ್ತಿ ಮೆಗ್ನೀಸಿಯಂ ಆಕ್ಸೈಡ್ ಆದರೆ 4 ಗ್ರಾಂ ಬರುತ್ತದೆ.

ಗೇಟಿನ ಹುಡುಗ ಬರೆದಿದ್ದ: "ಜಾಸ್ತಿ. ಗಾಳಿಯಿಂದ ಆಕ್ಸಿಜನ್ ಬಂದು ಸೇರಿತು. ಸೌದೆ ಬೂದಿ ಹಗುರ ಯಾಕೆಂದರೆ ಅದರದ್ದು ಹೊಗೆಯಾಗಿ ಹೋಯಿತು, ಹೊಗೆಯನ್ನೂ ಹಿಡಿದು ತೂಗಿದರೆ ಅದೂ ಜಾಸ್ತಿ ಇರುತ್ತೆ ಅನ್ಸುತ್ತೆ." ಕೆಳಗೆ ಗುರುತು: ಅಂದಾಜು.